ಬಾಯಿಗೊಂದು ರುಚಿ, ಲೇಬಲ್ಲಿಗೊಂದು ರುಚಿ: ಅಪ್ಪೆಮಿಡಿ ಪರೀಕ್ಷೆ

ಶಿರಸಿ ಪೇಟೆಯಲ್ಲಿ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಕೊಳ್ಳುವವರು ಬಾಟಲಿ ತಿರುಗಿಸಿ ಹುಡುಕುವುದು ಒಂದೇ ಮಾತು: ಪ್ರಿಸರ್ವೇಟಿವ್ ಇದೆಯೋ ಇಲ್ಲವೋ. ಇಲ್ಲದ್ದನ್ನೇ ಒಯ್ಯುತ್ತಾರೆ. ಮಳೆಗಾಲದಲ್ಲಿ ಮಿಡಿ ಮೆತ್ತಗಾಗಿ ಬೂಸ್ಟು ಬಂದರೆ ಬೈಗುಳ ತಿನ್ನುವವರು ಮಾಡಿದವರು. ಉಪ್ಪು, ಸಾಸಿವೆ ಯಾರ ಕಣ್ಣಿಗೂ ಪ್ರಿಸರ್ವೇಟಿವ್ ಅಲ್ಲ. ಮಾಡುವ ಕೆಲಸ ಮಾತ್ರ ಅದೇ. ಬೂಸ್ಟನ್ನು ತಡೆಯುವುದು ಸಾಸಿವೆಯ ಘಾಟು. ಕುದಿಸಿದ ಉಪ್ಪುನೀರು ಸುಡುಬಿಸಿ ಇರುವಾಗಲೇ ಅದರಲ್ಲಿ ಸಾಸಿವೆ ರುಬ್ಬಿದರೆ ಘಾಟು ಹುಟ್ಟಿಸುವ ಕಿಣ್ವ ಸತ್ತು ಘಾಟೇ ಏಳುವುದಿಲ್ಲ.

ಹಾಗಾದರೆ ಬೂಸ್ಟು ತಡೆಯಲು ಹಾಕುವ ಪ್ರಿಸರ್ವೇಟಿವ್ ಸೋಡಿಯಂ ಬೆಂಜೋಯೇಟ್ ನಿಜಕ್ಕೂ ರುಚಿ ಕೆಡಿಸುತ್ತದೆಯೇ, ಅಥವಾ ಹೆಸರು ಓದಿದ್ದಕ್ಕೇ ಬಾಯಿ ಕೆಡುತ್ತದೆಯೇ? ಎರಡನ್ನೂ ಬೇರೆ ಬೇರೆ ಅಳೆಯಬೇಕು.

ಒಂದೇ ಮರದ ಮಿಡಿ, ಒಂದೇ ಭರಣಿ. ಮರದಿಂದ ಮರಕ್ಕೆ ಸೊನೆಯ ಪರಿಮಳ ಬೇರೆ; ಎರಡು ಮರದ್ದು ಬೆರೆತರೆ ಅಳತೆಗೆ ಸಿಗುವುದು ಮರದ ವ್ಯತ್ಯಾಸ. ಆ ಉಪ್ಪಿನಕಾಯಿಯನ್ನು ಎರಡು ಪಾಲು ಮಾಡಿ ಒಂದಕ್ಕೆ ಮಾತ್ರ ಬೆಂಜೋಯೇಟ್. ಮಿತಿ ಕಿಲೋಗೆ 250 ಮಿಲಿಗ್ರಾಂ, ಅದೂ ಬೆಂಜೋಯಿಕ್ ಆಮ್ಲದ ಲೆಕ್ಕದಲ್ಲಿ. ಸೋಡಿಯಂನ ತೂಕವೂ ಸೇರುವುದರಿಂದ 10 ಕಿಲೋಗೆ ಬೆಂಜೋಯೇಟ್ ಪುಡಿ 2.9 ಗ್ರಾಂ. ಚಮಚದ ಅಂದಾಜು ಇಲ್ಲಿ ನಡೆಯದು, ಹೆಚ್ಚಾದರೆ ಗಂಟಲಲ್ಲಿ ಚುರುಚುರು ಉಳಿಯುತ್ತದೆ. ಪುಡಿಯನ್ನು ಕುದಿಸಿ ಆರಿಸಿದ ಸ್ವಲ್ಪ ನೀರಲ್ಲಿ ಕರಗಿಸಿಯೇ ಬೆರೆಸಿ. ಒಣಪುಡಿ ಹುಳಿರಸಕ್ಕೆ ಬಿದ್ದರೆ ಅಲ್ಲಲ್ಲೇ ಹರಳುಗಟ್ಟುತ್ತದೆ: ಒಂದು ಮಿಡಿ ಕಟುವಾಗುತ್ತದೆ, ಪಕ್ಕದ್ದಕ್ಕೆ ಬೂಸ್ಟು ಬರುತ್ತದೆ.

ಮೊದಲು ತ್ರಿಕೋನ ಪರೀಕ್ಷೆ. ಒಬ್ಬೊಬ್ಬರಿಗೂ ಮುಚ್ಚಳವಿರುವ ಮೂರು ಬಟ್ಟಲು, ಎರಡರಲ್ಲಿ ಒಂದೇ ಬಗೆ, ಮೂರನೆಯದು ಬೇರೆ. ಆ ಬೇರೆಯದು ಯಾವುದೆಂದು ಅವರು ಹೇಳಬೇಕು. ಹೆಸರಿನ ಬದಲು 417, 862 ಥರದ ಮೂರಂಕಿ. ಬಟ್ಟಲು ಜೋಡಿಸುವ ಕ್ರಮ ಆರು. 30 ಜನರಿದ್ದರೆ ಕ್ರಮಕ್ಕೆ ಐವರಂತೆ ಹಂಚಿ. ಪ್ರತಿ ಬಟ್ಟಲಿಗೂ ಒಂದೇ ಗಾತ್ರದ ಮಿಡಿ, ಒಂದೇ ಅಳತೆಯ ರಸ. ನಡುವೆ ಉಗುರುಬೆಚ್ಚನೆ ನೀರು, ಉಪ್ಪಿಲ್ಲದ ಅನ್ನ. ಮೆಣಸಿನ ಖಾರ ನಾಲಗೆಯಲ್ಲಿ ಕೂತರೆ ಮುಂದಿನದರ ರುಚಿ ತಿಳಿಯದು, ಆದ್ದರಿಂದ ಬಟ್ಟಲಿಂದ ಬಟ್ಟಲಿಗೆ ಎರಡು ಮೂರು ನಿಮಿಷ ಬಿಡಬೇಕು. ಸುಮ್ಮನೆ ಊಹಿಸಿದರೂ 30ರಲ್ಲಿ ಸರಾಸರಿ ಹತ್ತು ಜನ ಸರಿ ಹೇಳುತ್ತಾರೆ. 15 ಅಥವಾ ಹೆಚ್ಚು ಮಂದಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಎನ್ನಬಹುದು. ಅಷ್ಟು ಬಾರದಿದ್ದರೆ ಎರಡೂ ಒಂದೇ ಎಂದು ಸಾರಬೇಡಿ. ಈ ಗುಂಪಿಗೆ ಗೊತ್ತಾಗಲಿಲ್ಲ, ಅಷ್ಟೇ.

ಇಷ್ಟಾನಿಷ್ಟದ್ದು ಬೇರೆ ದಿನ, ಮೊಸರನ್ನದ ಜೊತೆ, 1ರಿಂದ 9ರ ಅಂಕದಲ್ಲಿ. ಮೂರು ಸಲ ಅಂಕ ಕೇಳಿ: ಲೇಬಲ್ ತೋರಿಸದೆ ತಿನ್ನಿಸಿ, ತಿನ್ನಿಸದೆ ಲೇಬಲ್ ಮಾತ್ರ ತೋರಿಸಿ, ಕೊನೆಗೆ ಎರಡನ್ನೂ ಕೊಟ್ಟು. ಮೊದಲನೆಯ ಮತ್ತು ಮೂರನೆಯ ಅಂಕದ ಅಂತರವೇ ಲೇಬಲ್ಲಿನ ತೂಕ. ಉಪ್ಪಿನಕಾಯಿ ಮಾಡುವವರನ್ನು ಈ ಸಾಲಿನಲ್ಲಿ ಕೂರಿಸಬೇಡಿ. ಅವರು ಊಟ ಮಾಡುವುದಿಲ್ಲ, ತಪ್ಪು ಹುಡುಕುತ್ತಾರೆ.

ಬೆಂಜೋಯೇಟ್ ಇಲ್ಲದೆ ಬೂಸ್ಟು ತಡೆಯಲು ಬಾಟಲಿಯನ್ನು 80-85 ಡಿಗ್ರಿಯಲ್ಲಿ ಕಾಯಿಸುವುದು ಇನ್ನೊಂದು ದಾರಿ. ಲೇಬಲ್ ಚೊಕ್ಕ, ಆದರೆ ಕಾಯಿಯನ್ನು ಗಟ್ಟಿಯಾಗಿಡುವ ಪೆಕ್ಟಿನ್ ಸಡಿಲಾಗಿ ಮಿಡಿಯ ಕರುಂ ಸದ್ದು ಅಡಗುತ್ತದೆ, ಸೊನೆಯ ಪರಿಮಳವೂ ತಗ್ಗುತ್ತದೆ. ಇದನ್ನು ಮೂರನೆಯ ಬಗೆಯಾಗಿ ಸೇರಿಸಿದರೆ ಅಂಕದ ಕೆಳಗೆ ಗಟ್ಟಿತನಕ್ಕೆ ಪ್ರತ್ಯೇಕ ಸಾಲು ಬೇಕು. ಇಲ್ಲದಿದ್ದರೆ ಮೆತ್ತಗಿದ್ದುದಕ್ಕೆ ಕಳೆದ ಅಂಕ ರುಚಿಯ ಲೆಕ್ಕಕ್ಕೆ ಹೋಗುತ್ತದೆ.