ಷಡ್ಭುಜ ಪಿಕ್ಸೆಲ್‌ಗಳನ್ನು ಚೌಕಕ್ಕೆ ಇಳಿಸಬೇಕೇ?

ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,270 ಮೀಟರ್ ಎತ್ತರದಲ್ಲಿರುವ ‘ಮೇಸ್’ ಗಾಮಾ ಕಿರಣ ದೂರದರ್ಶಕದ ಕನ್ನಡಿ 21 ಮೀಟರ್ ಅಗಲವಿದ್ದರೂ ಅದರ ಕ್ಯಾಮೆರಾದಲ್ಲಿರುವುದು 1,088 ಪಿಕ್ಸೆಲ್‌ಗಳು ಮಾತ್ರ. ಒಂದೊಂದು ಪಿಕ್ಸೆಲ್ ಎಂದರೆ ಒಂದು ಫೋಟೊಮಲ್ಟಿಪ್ಲಯರ್ ನಳಿಕೆ (ಕ್ಷೀಣ ಬೆಳಕನ್ನೂ ವಿದ್ಯುತ್ ಸಂಕೇತವಾಗಿಸುವ ಸಾಧನ) ಮತ್ತು ಅದರ ಮುಂದೆ ಷಡ್ಭುಜಾಕಾರದ ಬಾಯುಳ್ಳ ಬೆಳಕಿನ ಆಲಿಕೆ. ಹೀಗಾಗಿ ಅಲ್ಲಿ ಚಿತ್ರ ಹುಟ್ಟುವುದೇ ಷಡ್ಭುಜ ಜಾಲದಲ್ಲಿ. ಇಂಥ ಚಿತ್ರಗಳನ್ನು ಮೊದಲು ಚೌಕ ಜಾಲಕ್ಕೆ ಇಳಿಸಿಕೊಂಡು ಆಮೇಲೆ ಸಂಸ್ಕರಿಸುವ ರೂಢಿಯಿದೆ. ನನ್ನ ಮಟ್ಟಿಗೆ ಅದು ಅನಗತ್ಯವಾದ ಸುತ್ತುದಾರಿ.

ಚೌಕ ಜಾಲದಲ್ಲಿ ಪಕ್ಕದ ನಾಲ್ಕು ಪಿಕ್ಸೆಲ್‌ಗಳು ಒಂದು ಮಾನ ದೂರದಲ್ಲಿದ್ದರೆ ಮೂಲೆಯ ನಾಲ್ಕು √2 ಮಾನ ದೂರದಲ್ಲಿರುತ್ತವೆ. ನೆರೆ ಎಂದರೆ ನಾಲ್ಕೋ ಎಂಟೋ ಎಂಬುದನ್ನು ಪ್ರತಿ ಸಲ ನಿರ್ಧರಿಸಬೇಕು. ಷಡ್ಭುಜ ಜಾಲದಲ್ಲಿ ಆರೂ ನೆರೆಗಳು ಸಮದೂರದಲ್ಲಿರುವುದರಿಂದ ಆ ಪ್ರಶ್ನೆಯೇ ಏಳುವುದಿಲ್ಲ. ಆವರ್ತನಗಳು ಒಂದು ವೃತ್ತದೊಳಗೆ ಸೀಮಿತವಾಗಿರುವ, ಎಂದರೆ ವಿವರದ ಸೂಕ್ಷ್ಮತೆಗೆ ಎಲ್ಲ ದಿಕ್ಕಿನಲ್ಲೂ ಒಂದೇ ಮಿತಿಯಿರುವ ಚಿತ್ರಕ್ಕೆ ಈ ಜಾಲದಲ್ಲಿ ಚೌಕ ಜಾಲಕ್ಕಿಂತ ಶೇ 13.4ರಷ್ಟು ಕಡಿಮೆ ಮಾದರಿ ಬಿಂದುಗಳು ಸಾಕೆಂಬುದು 1960ರ ದಶಕದಿಂದಲೇ ತಿಳಿದಿರುವ ಸಂಗತಿ.

ಈ ದೂರದರ್ಶಕ ಸೆರೆಹಿಡಿಯುವುದು, ಗಾಮಾ ಕಿರಣ ವಾತಾವರಣಕ್ಕೆ ಬಡಿದಾಗ ಹೊಮ್ಮುವ ಚೆರೆಂಕೋವ್ ಬೆಳಕನ್ನು. ಆ ಮಿಂಚು ಕೆಲವೇ ನ್ಯಾನೊಸೆಕೆಂಡುಗಳದು. ಅದರ ಸುತ್ತ ರಾತ್ರಿಯಾಕಾಶದ ಗದ್ದಲ ತುಂಬಿರುತ್ತದೆ. ಆ ಗದ್ದಲವನ್ನು ತೆಗೆಯಲು ಬೆಳಕಿನ ಪ್ರಮಾಣಕ್ಕೆ ಎರಡು ಮಿತಿಗಳನ್ನು ಇಟ್ಟುಕೊಳ್ಳುತ್ತಾರೆ: ಮೇಲಿನ ಮಿತಿಯನ್ನು ದಾಟಿದ ಪಿಕ್ಸೆಲ್ ಉಳಿಯುತ್ತದೆ; ಕೆಳಗಿನದನ್ನಷ್ಟೇ ದಾಟಿದ್ದು, ಹಾಗೆ ಉಳಿದ ಒಂದಕ್ಕೆ ನೆರೆಯಾಗಿದ್ದರೆ ಮಾತ್ರ ಉಳಿಯುತ್ತದೆ. ಉಳಿದ ಪಿಕ್ಸೆಲ್‌ಗಳಿಗೆ, 1985ರಲ್ಲಿ ಭೌತವಿಜ್ಞಾನಿ ಹಿಲ್ಲಾಸ್ ಸೂಚಿಸಿದಂತೆ, ದೀರ್ಘವೃತ್ತವೊಂದನ್ನು ಹೊಂದಿಸಿ ಅದರ ಉದ್ದ, ಅಗಲ, ದಿಕ್ಕುಗಳಿಂದ ಗಾಮಾ ಕಿರಣದ ಮಿಂಚನ್ನು, ಅಂಥದೇ ಮಿಂಚನ್ನು ಉಂಟುಮಾಡುವ ವಿಶ್ವಕಿರಣದ ಪ್ರೋಟಾನಿನದರಿಂದ ಬೇರ್ಪಡಿಸುತ್ತಾರೆ. ಚೌಕಕ್ಕೆ ಇಳಿಸುವಾಗ ನಡೆಯುವ ಅಂತರ್ಗಣನೆಯು (ಅಕ್ಕಪಕ್ಕದ ಬೆಲೆಗಳಿಂದ ಹೊಸ ಬಿಂದುವಿನ ಬೆಲೆಯನ್ನು ಅಂದಾಜಿಸುವುದು) ಒಂದು ಪಿಕ್ಸೆಲ್ಲಿನ ಗದ್ದಲವನ್ನು ಪಕ್ಕದ್ದಕ್ಕೂ ಹರಡುವುದರಿಂದ, ಈ ಸೋಸುವಿಕೆಯನ್ನು ಮೂಲ ಜಾಲದಲ್ಲೇ ಮಾಡುವುದು ಮೇಲು.

ಮಾಡುವುದು ಕಷ್ಟವೂ ಅಲ್ಲ. ಅರವತ್ತು ಡಿಗ್ರಿ ಕೋನದಲ್ಲಿರುವ ಎರಡು ಅಕ್ಷಗಳನ್ನು ಆರಿಸಿಕೊಂಡರೆ ಪ್ರತಿ ಪಿಕ್ಸೆಲ್ಲಿಗೂ ಎರಡು ಪೂರ್ಣಾಂಕಗಳ ವಿಳಾಸ ಸಿಗುತ್ತದೆ, ಮತ್ತು ಇಡೀ ಚಿತ್ರ ಸಾಮಾನ್ಯ ಅರೇಯಲ್ಲೇ (ಸಾಲು-ಕಂಬಗಳ ಸಂಖ್ಯಾಕೋಷ್ಟಕದಲ್ಲೇ) ಓರೆಯಾಗಿ ಕೂರುತ್ತದೆ. ಆಗ ಆರು ನೆರೆಗಳೂ 3×3 ಚೌಕಟ್ಟಿನೊಳಗೇ ಬರುತ್ತವೆ. ಹೊರಗುಳಿಯುವುದು ಎದುರುಬದುರಿನ ಎರಡು ಮೂಲೆಗಳು ಮಾತ್ರ. ಪ್ರತಿ ಪಿಕ್ಸೆಲ್ಲನ್ನು ಅದರ ನೆರೆಗಳೊಡನೆ ತೂಗಿ ಕೂಡಿಸುವ ಸಂಖ್ಯೆಗಳ ಚೌಕಟ್ಟಾದ ಕನ್ವಲ್ಯೂಷನ್ ಕರ್ನಲ್ಲಿನ ಆ ಎರಡು ಮೂಲೆಗಳಲ್ಲಿ ಸೊನ್ನೆ ಇಟ್ಟರೆ, ಚೌಕಕ್ಕಾಗಿ ಬರೆದ ನ್ಯೂರಲ್ ನೆಟ್‌ವರ್ಕ್ ಲೈಬ್ರರಿಯೇ ಷಡ್ಭುಜಕ್ಕೂ ದುಡಿಯುತ್ತದೆ. ಒಂದೇ ಎಚ್ಚರಿಕೆ: ಓರೆಯಾದ ಅರೇಯ ಮೂಲೆಗಳಲ್ಲಿ ಪಿಕ್ಸೆಲ್ ಇಲ್ಲದ ಕೋಶಗಳು ಉಳಿಯುತ್ತವೆ, ಅವನ್ನು ಮಾಸ್ಕ್ ಹಾಕಿ (ಖಾಲಿ ಎಂದು ಗುರುತು ಮಾಡಿ) ಲೆಕ್ಕದಿಂದ ಬಿಡದಿದ್ದರೆ, ಅಲ್ಲಿನ ಸೊನ್ನೆಗಳೂ ಸೇರಿ ಸರಾಸರಿಗಳೆಲ್ಲ ಕೆಳಗಿಳಿಯುತ್ತವೆ.