ಮುಂದಿನ ಸಾಲಿನ ಬೆಲೆ

"ಟಿಕೆಟಿನ ಬೆಲೆ ಏರಿದರೆ ಹಾಡು ಬದಲಾಗುವುದಿಲ್ಲ, ಮುಂದೆ ನಿಲ್ಲುವ ಜನ ಬದಲಾಗುತ್ತಾರೆ." ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಮೊನ್ನೆ ಬೇಲಿಯಾಚೆಯಿಂದ ಆಡಿದ ಈ ಮಾತು ನನ್ನ ಮನಸ್ಸಿನಲ್ಲಿ ನಾಟಿಕೊಂಡಿದೆ. ಮುಂದಿನ ಬೇಸಿಗೆಗೆ ಗೊತ್ತಾಗಿರುವ, ಹೆವಿ ಮೆಟಲ್ ಎಂಬ ಅಬ್ಬರದ ಗಿಟಾರ್ ಸಂಗೀತದ ದೊಡ್ಡ ಕಾರ್ಯಕ್ರಮವೊಂದರ ಟಿಕೆಟ್ ಕೊಡುವ ಹಣಕ್ಕೆ ತಕ್ಕದ್ದೋ ಅಲ್ಲವೋ ಎಂದು ನಮ್ಮ ಕಚೇರಿಯಲ್ಲಿ ಊಟದ ಹೊತ್ತಿಗೆ ಜೋರು ಚರ್ಚೆ ನಡೆದಿತ್ತು. ಅದನ್ನು ಅವರಿಗೆ ವಿವರಿಸುತ್ತಿದ್ದಾಗ, ಗುಲಾಬಿ ಗಿಡ ಸವರುವುದನ್ನು ನಿಲ್ಲಿಸದೆಯೇ, ಅವರು ಹೇಳಿದ್ದು ಇಷ್ಟೇ.

ಹಾಗೆ ಹೇಳಲು ಅವರಿಗೆ ಅಧಿಕಾರವಿದೆ ಎಂದು ನಾನು ನಂಬುತ್ತೇನೆ. ಅವರು ಹುಟ್ಟಿ ಬೆಳೆದದ್ದು ಈ ನಗರದ ಆಸ್ಟನ್ ಭಾಗದಲ್ಲಿ. 1968ರಲ್ಲಿ, ಹೆವಿ ಮೆಟಲ್‌ನ ಮೊದಲ ತಂಡಗಳಲ್ಲೊಂದಾದ ಬ್ಲ್ಯಾಕ್ ಸಬ್ಬತ್ತನ್ನು ಕಟ್ಟಿದ ನಾಲ್ವರು ಹುಡುಗರು ಬೆಳೆದದ್ದೂ ಅದೇ ಬೀದಿಗಳಲ್ಲಿ. ಗಿಟಾರ್ ವಾದಕ ಟೋನಿ ಅಯೋಮಿ ತಮ್ಮ 17ನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡು, ಪ್ಲಾಸ್ಟಿಕ್ ಕರಗಿಸಿ ಕೃತಕ ತುದಿಗಳನ್ನು ತಾವೇ ಮಾಡಿಕೊಂಡು, ನೋವಾಗದಂತೆ ಹಗುರವಾದ ತಂತಿಗಳನ್ನು ಹಾಕಿ, ಮುಂದೆ ಅವುಗಳನ್ನು ಸಡಿಲಿಸಿ ನುಡಿಸಿದ್ದರಿಂದಲೇ ಈ ಸಂಗೀತಕ್ಕೆ ಆ ಭಾರವಾದ ದನಿ ಕೂಡಿಬಂತು. ನಮ್ಮ ನೆರೆಯವರೂ ಅಂಥದ್ದೇ ಕಾರ್ಖಾನೆಯಲ್ಲಿ ದುಡಿದವರು. ರೈಲು ನಿಲ್ದಾಣದ ಹತ್ತಿರದ ಕ್ರೌನ್ ಎಂಬ ಪಬ್ಬಿನ ಮಹಡಿಯಲ್ಲಿ ಆ ತಂಡವನ್ನು ಕೆಲವೇ ಶಿಲ್ಲಿಂಗ್ ಕೊಟ್ಟು, ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ಕೇಳಿದ್ದನ್ನು ಅವರು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ.

ಅದೇ ತಂಡದ ಕೊನೆಯ ಕಾರ್ಯಕ್ರಮ 2025ರ ಜುಲೈ 5ರಂದು ಆಸ್ಟನ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಡೆಯಿತು. ಟಿಕೆಟ್ ಸುಮಾರು 200 ಪೌಂಡಿನಿಂದ ಆರಂಭವಾಗಿ ಸಾವಿರಾರು ಪೌಂಡಿನವರೆಗೆ ಇತ್ತು. ಮಗ ಕೊಡಿಸುತ್ತೇನೆಂದರೂ ನೆರೆಯವರು ಒಪ್ಪಲಿಲ್ಲ. ಲಾಭವೆಲ್ಲ ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆಗೆ, ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಗೆ ಮತ್ತು ಗುಣವಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಏಕಾರ್ನ್ಸ್ ಎಂಬ ಆರೈಕೆ ಕೇಂದ್ರಕ್ಕೆ ಹೋಗುವುದಾಗಿ ಸಾರಲಾಗಿತ್ತು. "ದುಡ್ಡು ಮಕ್ಕಳ ಆಸ್ಪತ್ರೆಗೆ ಹೋಗುವಾಗ ದೂರಲು ನನಗೆ ಬಾಯಿಲ್ಲ, ಆದರೆ ನನ್ನ ಬೀದಿಯ ಮೈದಾನಕ್ಕೆ ನಾನೇ ಹೊರಗಿನವನಾದೆ" ಎಂದು ಅವರು ಅಂದಾಗ ನನಗೆ ಮರುಮಾತು ಹೊಳೆಯಲಿಲ್ಲ. ಸ್ವತಃ ಪಾರ್ಕಿನ್ಸನ್‌ನಿಂದ ಬಳಲುತ್ತಿದ್ದ ಗಾಯಕ ಓಜಿ ಆಸ್ಬರ್ನ್ ಅಂದು ಸಿಂಹಾಸನದಂಥ ಪೀಠದಲ್ಲಿ ಕುಳಿತು ಹಾಡಿದರು. ಜುಲೈ 22ರಂದು ತೀರಿಕೊಂಡರು.

ಕಚೇರಿಯಲ್ಲಿ ಬೆಲೆಯನ್ನು ಸಮರ್ಥಿಸುವ ಗೆಳೆಯರ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ವಿಲ್ಲಾ ಪಾರ್ಕಿನಲ್ಲಿ ಮೆಟಾಲಿಕಾ, ಸ್ಲೇಯರ್, ಪ್ಯಾಂಟೆರಾ, ಆಂಥ್ರಾಕ್ಸ್ ಸೇರಿದಂತೆ ಹತ್ತಕ್ಕೂ ಹೆಚ್ಚು ತಂಡಗಳು ಒಂದೇ ದಿನ ನುಡಿಸಿದವು. ಹಂಚಿ ನೋಡಿದರೆ ಒಂದು ತಂಡಕ್ಕೆ ಬೀಳುವುದು ಹೆಚ್ಚೇನಲ್ಲ ಎಂಬುದು ಅವರ ವಾದ. ಮೆಟಾಲಿಕಾ ತಂಡ 2023ರಿಂದ ನಡೆಸಿಬಂದಿರುವ ಪ್ರವಾಸದಲ್ಲಿ ಅನೇಕ ನಗರಗಳಲ್ಲಿ ಎರಡು ರಾತ್ರಿ ನುಡಿಸಿದೆ, ಮೊದಲ ರಾತ್ರಿಯ ಒಂದು ಹಾಡೂ ಎರಡನೆಯ ರಾತ್ರಿ ಮರುಕಳಿಸುವುದಿಲ್ಲ, ವೇದಿಕೆಯೂ ಮೈದಾನದ ನಡುವೆ ಉಂಗುರದಂತಿರುತ್ತದೆ. ಹಿಂದೆ ಕ್ಯಾಸೆಟ್, ಸಿ.ಡಿ. ಮಾರಾಟದಿಂದ ಬರುತ್ತಿದ್ದ ಹಣ ಬತ್ತಿಹೋಗಿ, ಮೊಬೈಲಿನಲ್ಲಿ ಹಾಡು ಕೇಳಿದರೆ ಕಲಾವಿದರಿಗೆ ಸಿಗುವುದು ಪುಡಿಗಾಸಾಗಿರುವ ಕಾಲದಲ್ಲಿ, ಲಾರಿಗಟ್ಟಲೆ ಸಾಮಾನು ಮತ್ತು ನೂರಾರು ಕೆಲಸಗಾರರೊಂದಿಗೆ ಊರೂರು ತಿರುಗುವ ತಂಡದ ಬಹುಪಾಲು ಗಳಿಕೆ ಟಿಕೆಟಿನಿಂದಲೇ ಹುಟ್ಟಬೇಕು ಎಂಬುದೂ ನಿಜ.

ಆದರೆ ಅಭಿಮಾನಿಗಳ ಸಿಟ್ಟು ಇರುವುದು ಬೆಲೆಯ ಎತ್ತರಕ್ಕಿಂತ ಅದರ ಅಸ್ಥಿರತೆಯ ಮೇಲೆ. 2024ರ ಆಗಸ್ಟಿನಲ್ಲಿ ಒಯಾಸಿಸ್ ಎಂಬ ಬ್ರಿಟಿಷ್ ರಾಕ್ ತಂಡದ ಟಿಕೆಟ್ ಮಾರಾಟಕ್ಕೆ ಬಂದಾಗ, ಶುಲ್ಕವೂ ಸೇರಿ 150 ಪೌಂಡ್ ಎಂದುಕೊಂಡು ಗಂಟೆಗಟ್ಟಲೆ ಆನ್‌ಲೈನ್ ಸರತಿಯಲ್ಲಿ ಕಾದವರಿಗೆ ಕೊನೆಯಲ್ಲಿ ಕಂಡದ್ದು 350 ಪೌಂಡಿಗೂ ಹೆಚ್ಚಿನ ದರ. ಅದು ಮೆಟಲ್ ತಂಡವಲ್ಲ, ಆದರೂ ಅಂದಿನಿಂದ ಮೆಟಲ್ ಕೇಳುವವರೂ ಟಿಕೆಟ್ ತೆರೆಯುವ ದಿನ ಅದೇ ಅಳುಕಿನಿಂದ ಕೂರುತ್ತಾರೆ. ಇದರ ಮೇಲೆ ವೇದಿಕೆಯ ಮುಂದಿನ ಜಾಗವನ್ನು ಗೋಲ್ಡನ್ ಸರ್ಕಲ್ ಎಂದು ಕರೆದು, ಬೇಲಿ ಹಾಕಿ, ಬೇರೆ ದರಕ್ಕೆ ಮಾರುವ ಪದ್ಧತಿ. ಬೆಳಗ್ಗೆಯೇ ಬಂದು ಬಾಗಿಲು ಕಾದ ಹುಡುಗ ಹಿಂದೆ, ಸಂಜೆ ಕಾರಿನಲ್ಲಿ ಬಂದಿಳಿದವರು ಮುಂದೆ. ಬೆವರಿನ ಸಮಾನತೆಯನ್ನು ಉಸಿರಾಗಿಸಿಕೊಂಡ ಸಂಗೀತಕ್ಕೆ ಇದು ಮಾಡುವ ಅನ್ಯಾಯ ಎಷ್ಟೆಂದು ಹಿಂದಿನ ಬೇಲಿಗೆ ಒರಗಿ ನಿಂತಾಗ ತಿಳಿಯುತ್ತದೆ. ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ 1990ರಲ್ಲಿ ಸುಮಾರು 800 ಜನರಿಗಾಗಿ, 12 ಮಾರ್ಕ್ ಟಿಕೆಟಿನಲ್ಲಿ ಆರಂಭವಾದ ಮೆಟಲ್ ಉತ್ಸವಕ್ಕೆ ಈಗ ಸುಮಾರು 85,000 ಜನ ಸೇರುತ್ತಾರೆ, 2025ರ ಟಿಕೆಟ್ 333 ಯೂರೋ. ಅಲ್ಲಿಗೆ ಹೋಗಿಬಂದ ಗೆಳೆಯರು ಬೆಲೆಯನ್ನು ದೂರುತ್ತಲೇ ಮರುವರ್ಷದ ಟಿಕೆಟ್ ಕಾಯ್ದಿರಿಸುತ್ತಾರೆ.

ನನ್ನ ಮನಸ್ಸು ಇಂಥ ಲೆಕ್ಕ ಕೇಳಿದಾಗಲೆಲ್ಲ 2007ರ ಮಾರ್ಚ್ 17ಕ್ಕೆ ಓಡುತ್ತದೆ. ಅಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದ ಕಾರ್ಯಕ್ರಮ. ಅಷ್ಟು ದೊಡ್ಡ ಮೆಟಲ್ ತಂಡ ನಮ್ಮ ದೇಶಕ್ಕೆ ಬರುತ್ತಿರುವುದು ಅದೇ ಮೊದಲು ಎಂದು ಎಲ್ಲರ ಬಾಯಲ್ಲೂ ಮಾತು. ದೊಡ್ಡಪ್ಪನ ಮಗ, ನನ್ನ ಅಣ್ಣ, ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸುವ ಆ ತುರ್ತಿನ ದಿನಗಳಲ್ಲಿ ಮನೆಯವರನ್ನು ಒಪ್ಪಿಸಿ, ನನ್ನನ್ನೂ ಕರೆದುಕೊಂಡು ಮಡಿಕೇರಿಯಿಂದ ರಾತ್ರಿ ಬಸ್ಸು ಹತ್ತಿದ. ಬೇಗ ಬಂದು ಬಿಸಿಲಿನಲ್ಲಿ ನಿಂತವರಿಗೆ ಮುಂದಿನ ಜಾಗ ಸಿಕ್ಕಿತು. ಶಿಲ್ಲಾಂಗಿನಿಂದ, ಚೆನ್ನೈನಿಂದ ಬಂದ ಹುಡುಗರ ಹೆಗಲಿಗೆ ಹೆಗಲು ಕೊಟ್ಟು ಕೂಗಿ ಕೂಗಿ ನಮ್ಮ ಗಂಟಲು ಕಟ್ಟಿಹೋಯಿತು. ಟಿಕೆಟಿಗೆ ಕೊಟ್ಟ ಹಣ ಆಗ ನಮಗೆ ಸಣ್ಣದಾಗಿರಲಿಲ್ಲ; ಅದು ಸಂದಿತೇ ಎಂಬ ಪ್ರಶ್ನೆ ಮಾತ್ರ ನಮ್ಮಿಬ್ಬರಿಗೂ ಹುಟ್ಟಲೇ ಇಲ್ಲ.

ನೆರೆಯವರ ಮಾತನ್ನು ಫೋನಿನಲ್ಲಿ ಅಣ್ಣನಿಗೆ ಹೇಳಿದೆ. ವಿಲ್ಲಾ ಪಾರ್ಕಿನ ಅತಿ ಅಗ್ಗದ ಟಿಕೆಟ್ ಎಷ್ಟೆಂದು ಕೇಳಿದಾಗ ರೂಪಾಯಿಯಲ್ಲಿ ಇಪ್ಪತ್ತು ಸಾವಿರ ದಾಟುತ್ತದೆ ಎಂದೆ. "ಒಂದು ಚೀಲ ಪಾರ್ಚ್‌ಮೆಂಟ್ ಕಾಫಿಯ ದುಡ್ಡು ಅಲ್ಲವೋ ಅದು! ನಮ್ಮ ದಸರಾಕ್ಕೆ ಯಾರು ಟಿಕೆಟ್ ಕೊಡುತ್ತಾರೆ ಹೇಳು" ಎಂದ ಅವನ ದನಿಯಲ್ಲಿ ಹೆಮ್ಮೆ ಇತ್ತು, ನನಗೂ ಆಯಿತು. ವಿಜಯದಶಮಿಯ ರಾತ್ರಿ ಮಡಿಕೇರಿಯ ಹತ್ತು ದೇವಸ್ಥಾನಗಳ ಮಂಟಪಗಳು ಟ್ರ್ಯಾಕ್ಟರುಗಳ ಮೇಲೆ ಹೊರಟು, ಚಲಿಸುವ ಮೂರ್ತಿಗಳು, ಹೊಗೆ, ಬೆಳಕು, ಎದೆ ನಡುಗಿಸುವ ಸದ್ದಿನೊಂದಿಗೆ ಬೆಳಗಿನವರೆಗೆ ಕಥೆ ಹೇಳುವಾಗ, ಮುಂದೆ ನಿಲ್ಲುವವರು ಮೊದಲು ಬಂದವರು ಮಾತ್ರ. ಸಿದ್ದಾಪುರದ ಲೈನ್‌ಮನೆಯ ಕೂಲಿಯವರೂ ತೋಟದ ಮಾಲೀಕರೂ ಅದೇ ಚಳಿಯಲ್ಲಿ ಅದೇ ರಸ್ತೆಯಂಚಿನಲ್ಲಿ ನಿಂತಿರುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವೂ ಹಾಗೆಯೇ: 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲಿನಲ್ಲಿ ನಡೆಸಿದಾಗ 360 ತಂಡಗಳು ಬಂದಿದ್ದವು, ಆತಿಥ್ಯದ ಹೊಣೆಯನ್ನು ಒಂದು ಮನೆತನ ಹೊತ್ತಿತ್ತು.

ಆದರೂ ಫೋನು ಇಟ್ಟ ಮೇಲೆ ಆ ಹೆಮ್ಮೆ ಪೂರ್ತಿಯಾಗಿ ನಿಲ್ಲಲಿಲ್ಲ. ಮಂಟಪಕ್ಕೆ ಟಿಕೆಟ್ ಇಲ್ಲದಿದ್ದರೂ ಅದರ ಖರ್ಚು ಎಲ್ಲಿಂದಲೋ ಬರಲೇಬೇಕು. ಅಂಗಡಿ ಅಂಗಡಿಗೆ ರಶೀದಿ ಪುಸ್ತಕ ಹಿಡಿದು ಅಲೆಯುವ, ಸರ್ಕಾರದ ಅನುದಾನ ಕೈಸೇರುವ ಮೊದಲೇ ಸಾಲ ಮಾಡುವ ಹುಡುಗರನ್ನು ನಾನು ಕಂಡವನು. ಮಂಟಪದ ಬೆಳಕಿಗೆ ಲಕ್ಷಗಳನ್ನು ಸುರಿಯುವ ನಾವು, ಮದುವೆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಊದುವ ವಾಲಗದವರ ಕೂಲಿಯಲ್ಲಿ ಮಾತ್ರ ಚೌಕಾಸಿಗೆ ಇಳಿಯುತ್ತೇವೆ. ಇಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ದುಬಾರಿ ಟಿಕೆಟನ್ನು ಬೈಯುವ ಹುಡುಗನೂ ಡ್ರಮ್ಸ್ ನುಡಿಸುವವನಿಗೆ ಸಂಬಳ ಬೇಕು ಎಂಬುದನ್ನು ಪ್ರಶ್ನಿಸಿದ್ದನ್ನು ನಾನು ಕೇಳಿಲ್ಲ. ನಮ್ಮಲ್ಲಿ ಆ ಸಂಬಳದ ಮಾತು ಏಳುವುದೇ ಕಡಿಮೆ.

ಮುಂದಿನ ಸಾಲಿನ ವಿಷಯವೂ ನಾವು ಹೇಳಿಕೊಳ್ಳುವಷ್ಟು ಶುದ್ಧವಾಗಿಲ್ಲ. ನಮ್ಮ ಊರುಗಳ ಎಷ್ಟೋ ಸಾರ್ವಜನಿಕ ವೇದಿಕೆಗಳ ಎದುರು ಸೋಫಾಗಳ ಸಾಲು ಇರುತ್ತದೆ. ತಡವಾಗಿ ಬಂದು, ಭಾಷಣ ಮುಗಿಸಿ, ಹಾರ ಹಾಕಿಸಿಕೊಂಡು, ಹಾಡು ಶುರುವಾಗುವ ಹೊತ್ತಿಗೆ ಎದ್ದು ಹೋಗುವ ಗಣ್ಯರಿಗಾಗಿ ಅವನ್ನು ಕಾದಿರಿಸುತ್ತಾರೆ. ಅವರು ಹೋದ ಮೇಲೂ ಆ ಸೋಫಾಗಳ ಮೇಲೆ ಮಕ್ಕಳನ್ನು ಕೂರಲು ಬಿಡುವುದಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಮುಂದಿನ ಜಾಗಕ್ಕೆ ಕ್ರೂರವಾದ ಬೆಲೆಯಿದೆ, ಆದರೆ ಒಂದು ವರ್ಷ ಉಳಿಸಿದರೆ ಕಾರ್ಖಾನೆಯ ಹುಡುಗನೂ ಅದನ್ನು ಕೊಳ್ಳಬಹುದು. ನಮ್ಮ ಸೋಫಾಕ್ಕೆ ಬೆಲೆಯೇ ಇಲ್ಲ, ಯಾರದೋ ಪರಿಚಯವಿದ್ದರಷ್ಟೇ ಅದು ಸಿಗುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚು ನೋಯಿಸುವಂಥದ್ದು ಎಂದು ನನ್ನನ್ನು ಕೇಳಿದರೆ, ನಮ್ಮದೇ ಎನ್ನುತ್ತೇನೆ.

ಇದನ್ನೆಲ್ಲ ಅಣ್ಣನಿಗೆ ಬರೆದು ಕಳುಹಿಸಿ, ಅವನು ಓಡಾಡುವ ಮಂಟಪ ಸಮಿತಿಗೆ ಈ ವರ್ಷ ನಾನು ಕೊಡುವ ಹಣವನ್ನು ವಾದ್ಯದವರ ಕೂಲಿಗೆಂದೇ ತೆಗೆದಿಡಬೇಕೆಂದು ಕೇಳಿಕೊಂಡೆ. ಒಪ್ಪಿದ್ದಾನೆ; ಕಳೆದ ವರ್ಷದ ಜನರೇಟರ್ ಬಾಡಿಗೆ ಇನ್ನೂ ಬಾಕಿಯಿದೆ, ಅದಕ್ಕೆ ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದೂ ಬರೆದಿದ್ದಾನೆ. ಮುಂದಿನ ಬೇಸಿಗೆಯ ಕಾರ್ಯಕ್ರಮಕ್ಕೆ ನಾನು ಹಿಂದಿನ ಸಾಲಿನ ಎರಡು ಟಿಕೆಟ್ ತೆಗೆದುಕೊಂಡಿದ್ದೇನೆ, ಒಂದು ಪಕ್ಕದ ಮನೆಯ ಹಿರಿಯರಿಗೆ. ಟಿಕೆಟಿನ ಅರ್ಧ ಹಣವನ್ನು ತಾವೇ ಕೊಡುವುದಾದರೆ ಮಾತ್ರ ಬರುವುದಾಗಿ ಅವರು ಹಟ ಹಿಡಿದಿದ್ದಾರೆ.