ಅಂಚಿನ ಚಕ್ಕೆ

ಇವತ್ತು ಕೈಗೆ ಬಂದ ಇಟಲಿಯ ದೆರೂತಾ ಊರಿನ ಮಣ್ಣಿನ ತಟ್ಟೆಯ ಅಂಚಲ್ಲಿ ಅಕ್ಕಿಕಾಳಷ್ಟು ಚಕ್ಕೆ ಎದ್ದಿದೆ. ಕಂದು ಮಣ್ಣು ಕಾಣ್ತಿದೆ.

ಇರಲಿ. ಇಂಥ ಮಯೋಲಿಕಾ ಪಾತ್ರೆ ಅಂದರೆ ಹಾಗೇ. ಒಳಗೆ ಮೆದು ಮಣ್ಣು, ಮೇಲೆ ತವರ ಬೆರೆತ ಬಿಳಿ ಗ್ಲೇಜ್ (ಗಾಜಿನಂಥ ಲೇಪ), ಅದು ಮೊದಲು ಬಿಡೋದೇ ಅಂಚಲ್ಲಿ. ಹಳೇ ತಟ್ಟೆಯ ಅಂಚು ತೀರಾ ನಯವಾಗಿದ್ದರೇ ಆಮೇಲೆ ತೇಪೆ ಹಾಕಿದ್ದಾರಾ ಅಂತ ನನಗೆ ಅನುಮಾನ. ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಿ, ಆಮೇಲೆ ಬಳಿದ ಬಣ್ಣ ಹೆಚ್ಚಾಗಿ ಬೇರೆಯಾಗೇ ಹೊಳೆಯುತ್ತೆ.

ಹತ್ತು ಪಟ್ಟಿನ ಭೂತಗನ್ನಡಿಯೂ ಬೇಕು. ಬಣ್ಣ ಸಣ್ಣ ಚುಕ್ಕಿಗಳ ಸಾಲಾಗಿ ಕಂಡರೆ ಅದು ಅಚ್ಚು ಹಾಕಿದ್ದು, ಕೈಯಲ್ಲಿ ಬರೆದದ್ದಲ್ಲ. ಕುಂಚದ ಗೆರೆ ದಪ್ಪಗೆ ಶುರುವಾಗಿ ಸಣ್ಣಗಾಗುತ್ತೆ, ಎರಡು ಎಳೆತ ಕೂಡುವಲ್ಲಿ ನೀಲಿ ಗಾಢವಾಗುತ್ತೆ. ಸುಡದ ಗ್ಲೇಜ್ ಬಣ್ಣವನ್ನ ತಕ್ಷಣ ಹೀರಿಬಿಡುತ್ತೆ, ತಿದ್ದೋಕೆ ಆಗಲ್ಲ. ಅದರ ಮೇಲೆ ರಫಾಯೆಲ್ಲೆಸ್ಕೊ ಅನ್ನೋ ಇಟಲಿಯ ಚಿತ್ತಾರದ ಡ್ರ್ಯಾಗನ್‌ನ ಬಾಲ ಒಂದೇ ಉಸಿರಲ್ಲಿ ಸುತ್ತಿಸಿದ ಕೈ ಎಂಥದ್ದು!

ತಟ್ಟೆಯ ಹಿಂಬದಿಯಲ್ಲಿ ‘ಇಟಲಿ’ ಅಂತಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಮಾಡಿದ ಕಾನೂನು ಆಗ ಜಾರಿಗೆ ಬಂತು.

ನೀರಲ್ಲಿ ನೆನೆಸಬೇಡಿ. ತಟ್ಟೆಯ ತಳದಲ್ಲಿರೋ ಗ್ಲೇಜ್ ಇಲ್ಲದ ಪಾದದಿಂದ ನೀರು ಒಳಗಿಳಿದು ಬಿರುಕಿನ ಗುಂಟ ಕಲೆ ಏಳುತ್ತೆ. ಒದ್ದೆ ಬಟ್ಟೆ ಸಾಕು. ಊಟಕ್ಕಂತೂ ಬೇಡ, ಹಳೇ ಗ್ಲೇಜಲ್ಲಿ ಸೀಸ ಸಾಮಾನ್ಯ, ಹುಳಿ ತಾಗಿದರೆ ಬಿಡುತ್ತೆ.